ಯಂತ್ರಗಳ ಜಾತ್ರೆಯಲ್ಲಿ ಹಲ್ಲು ನೋಡುವುದು ಹೇಗೆ?



ವ್ಯವಹಾರ ಅಧ್ಯಯನದ ಮಾರುಕಟ್ಟೆ ಪಾಠದಲ್ಲಿ ಜಾಹೀರಾತು, ರಿಯಾಯಿತಿ, ವಸ್ತುಪ್ರದರ್ಶನ ಎಂದು ಬರುತ್ತದೆ. ಪರೀಕ್ಷೆಗೆ ಒಂದು ಸಾಲು ಬರೆದರೆ ಅಂಕ ಸಿಗುತ್ತದೆ, ಅಲ್ಲಿಗೆ ಅದು ಮುಗಿಯಿತು. ಆದರೆ ನಮ್ಮ ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ ಕಡೆಯ ಮನೆಗಳಿಗೆ ವಸ್ತುಪ್ರದರ್ಶನವೆಂದರೆ ಒಂದು ಸಾಲಿನ ವಿಷಯವಲ್ಲ. ಶೇಂಗಾ ಬೆಳೆ ಎರಡು ವರ್ಷ ಸತತವಾಗಿ ಕೈಕೊಟ್ಟ ಮನೆಯಲ್ಲಿ, ಅಡಿಕೆಯೋ ಜಮೀನೋ ಮಾರಿ ಸ್ವಲ್ಪ ದುಡ್ಡು ಕೈಗೆ ಬಂದ ಮನೆಯಲ್ಲಿ, ಒಂದಲ್ಲ ಒಂದು ದಿನ ಈ ಮಾತು ಎದ್ದೇ ಏಳುತ್ತದೆ: "ಒಂದು ಜೆಸಿಬಿ ತಗೊಂಡರೆ ಹೇಗೆ?" ಆ ಮಾತು ಎದ್ದಾಗ ಮನೆಯಲ್ಲಿ ಓದಿದವರು ನೀವೇ ಆಗಿರುತ್ತೀರಿ. ಲೆಕ್ಕ ಹಾಕಬೇಕಾದವರೂ ನೀವೇ. ಅದಕ್ಕಾಗಿ ಈ ಪಾಠ.

ಮೊದಲು ಮೇಳದ ವಿಷಯ. ಶಿರಾದಿಂದ ಬೆಂಗಳೂರಿಗೆ ಹೋಗುವ ಬಸ್ಸು ನೆಲಮಂಗಲ ದಾಟಿದ ಮೇಲೆ, ಊರು ಸೇರುವ ಮುಂಚೆ ಮಾದಾವರ ಸಿಗುತ್ತದೆ. ಅಲ್ಲಿರುವುದು ಬೆಂಗಳೂರು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ. ಜನ ಅದನ್ನು ಬಿಐಇಸಿ ಎಂದೇ ಕರೆಯುತ್ತಾರೆ. ಭಾರತದ ಮೆಷಿನ್ ಟೂಲ್ ತಯಾರಕರ ಸಂಘ ಕಟ್ಟಿಸಿದ ಈ ಕೇಂದ್ರ 2007ರಲ್ಲಿ ಶುರುವಾಯಿತು. ಭಾರತೀಯ ಕೈಗಾರಿಕಾ ಒಕ್ಕೂಟ, ಅಂದರೆ ಸಿಐಐ, ಎರಡು ವರ್ಷಕ್ಕೊಮ್ಮೆ ಇಲ್ಲಿ ನಡೆಸುವ ಮೇಳದ ಹೆಸರು ಎಕ್ಸ್‌ಕಾನ್. ನೆಲ ಅಗೆಯುವ, ಮಣ್ಣು ಎತ್ತುವ, ಕಲ್ಲು ಪುಡಿಮಾಡುವ, ರಸ್ತೆ ಹಾಸುವ, ಕಾಂಕ್ರೀಟ್ ಕಲಸುವ ಯಂತ್ರಗಳೆಲ್ಲ ಅಲ್ಲಿ ಸೇರುತ್ತವೆ. 2019ರ ಡಿಸೆಂಬರಿನಲ್ಲಿ 10ನೆಯ ಮೇಳ ನಡೆಯಿತು. 2021ರಲ್ಲಿ ಆಗಬೇಕಿದ್ದದ್ದು ಕೋವಿಡ್ಡಿನಿಂದಾಗಿ 2022ರ ಮೇ ತಿಂಗಳಿಗೆ ಹೋಯಿತು. ಆಮೇಲೆ 2023ರ ಡಿಸೆಂಬರ್ 12ರಿಂದ 16ರವರೆಗೆ, ಮತ್ತೆ 2025ರ ಡಿಸೆಂಬರ್ 9ರಿಂದ 13ರವರೆಗೆ. ಇದೇ ಲೆಕ್ಕದಲ್ಲಿ ಮುಂದಿನದು 2027ಕ್ಕೆ ಬರಬೇಕು. ಅಷ್ಟು ಹೊತ್ತಿಗೆ ನಿಮ್ಮಲ್ಲಿ ಬಹುತೇಕರಿಗೆ 18 ತುಂಬಿರುತ್ತದೆ. ಇಂಥ ವ್ಯಾಪಾರ ಮೇಳಗಳಿಗೆ ಚಿಕ್ಕವರನ್ನು ಬಿಡದಿರುವುದೂ ಉಂಟು, ಹಾಗಾಗಿ ಇದನ್ನು ಹೇಳಿದೆ.

ಇದಕ್ಕೊಂದು ದೊಡ್ಡಣ್ಣನಿದ್ದಾನೆ, ಜರ್ಮನಿಯ ಮ್ಯೂನಿಕ್ ನಗರದ ಬೌಮಾ ಮೇಳ. ಅದು 1954ರಲ್ಲಿ ಶುರುವಾಯಿತು, ಈಗ ಮೂರು ವರ್ಷಕ್ಕೊಮ್ಮೆ ನಡೆಯುತ್ತದೆ, 6 ಲಕ್ಷ ಚದರ ಮೀಟರಿಗೂ ಹೆಚ್ಚು ಜಾಗದಲ್ಲಿ ಹರಡಿಕೊಳ್ಳುತ್ತದೆ. ಆದರೆ ನಮಗೆ ಹತ್ತಿರದ ಹೋಲಿಕೆ ಅದಲ್ಲ. ನಮಗೆ ಹತ್ತಿರದ್ದು ಸಿದ್ಧಗಂಗೆಯ ದನಗಳ ಜಾತ್ರೆ.

ಶಿವರಾತ್ರಿ ಸಮಯದ ಆ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿ ಕೊಳ್ಳಲು ಬಂದ ರೈತ ಮೊದಲು ಏನು ಮಾಡುತ್ತಾನೆ? ಕೊಂಬಿಗೆ ಹಚ್ಚಿದ ಬಣ್ಣ, ಕೊರಳಿನ ಗೆಜ್ಜೆ ನೋಡಿ ಮರುಳಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದ್ದೋ ಎಂದು ಎಣಿಸುತ್ತಾನೆ. ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ, ಗೊರಸು ನೋಡುತ್ತಾನೆ. ಕೊನೆಗೆ ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ. ಓದು ಬಾರದ ನಮ್ಮ ಅಜ್ಜಂದಿರೂ ಆ ಜಾತ್ರೆಯಲ್ಲಿ ಸುಲಭವಾಗಿ ಮೋಸಹೋಗುತ್ತಿರಲಿಲ್ಲ. ಏಕೆಂದರೆ ಕೊಳ್ಳುವವನಿಗೆ ಏನನ್ನು ನೋಡಬೇಕೆಂದು ಗೊತ್ತಿತ್ತು.

ಯಂತ್ರಗಳ ಜಾತ್ರೆಯಲ್ಲಿ ಇದೇ ಕೊರತೆ. ಬಣ್ಣ, ಗೆಜ್ಜೆ ಅಲ್ಲಿ ವಿಪರೀತ: ದೊಡ್ಡ ದೊಡ್ಡ ಪರದೆಗಳು, ಜೋರು ಸಂಗೀತ, ಬಕೆಟ್ಟಿನ ಮೇಲೆ ನಿಂತು ಫೋಟೋ, ಹೊಸ ಮಾದರಿಯ ಮೇಲಿನ ಬಟ್ಟೆ ಸರಿಸುವ ಸಮಾರಂಭ. ಕೊಳ್ಳುವವನಿಗೆ ಮಾತ್ರ ಎಲ್ಲಿ ಹಲ್ಲು ನೋಡಬೇಕೆಂದು ತಿಳಿಯುವುದಿಲ್ಲ.

ಇಂಥ ಮೇಳದಲ್ಲಿ ನಿಜವಾಗಿ ಮಾರಾಟವಾಗುವುದು ಏನು? ಮೊದಲನೆಯದಾಗಿ ಜಾಗ. ಮೇಳ ನಡೆಸುವವರು ಚದರ ಮೀಟರ್ ಲೆಕ್ಕದಲ್ಲಿ ನೆಲ ಬಾಡಿಗೆಗೆ ಕೊಡುತ್ತಾರೆ. ಕೆಲವರಿಗೆ ಬರೀ ನೆಲ, ಕೆಲವರಿಗೆ ಗೋಡೆ, ಮೇಜು, ವಿದ್ಯುತ್ ಸಮೇತ ಮಳಿಗೆ. ಕಂಪನಿಗಳು ಆ ಜಾಗಕ್ಕೆ ಹಣ ಸುರಿಯುವುದು ಐದು ದಿನದಲ್ಲಿ ಯಂತ್ರ ಮಾರಿ ಮುಗಿಸಲಿಕ್ಕಲ್ಲ. ಗುತ್ತಿಗೆದಾರರ, ಡೀಲರುಗಳ, ಬಾಡಿಗೆಗೆ ಯಂತ್ರ ಬಿಡುವವರ ಹೆಸರು, ನಂಬರು ಸಂಗ್ರಹಿಸಲಿಕ್ಕೆ. ದನದ ಜಾತ್ರೆಯಲ್ಲಿ ಕೊಂಡ ಎತ್ತನ್ನು ಹೊಡೆದುಕೊಂಡು ಊರಿಗೆ ಹೊರಡುತ್ತೀರಿ. ಇಲ್ಲಿ ಮಾದರಿ ನೋಡಿ ಬುಕಿಂಗ್ ಮಾಡುತ್ತೀರಿ, ಯಂತ್ರ ಆಮೇಲೆ ಡೀಲರ್ ಮೂಲಕ ಬರುತ್ತದೆ. ಸರಕನ್ನೇ ಹೊತ್ತು ತರುವ ಸಂತೆ ಹೋಗಿ ಮಾದರಿ ತೋರಿಸಿ ಆರ್ಡರ್ ಪಡೆಯುವ ಮೇಳ ಬಂದದ್ದಕ್ಕೆ ಹೆಸರಾದ ಊರು ಜರ್ಮನಿಯ ಲೈಪ್‌ಜಿಗ್, ವರ್ಷ 1895. ಇಂದಿನ ವ್ಯಾಪಾರ ಮೇಳಗಳೆಲ್ಲ ಅದರ ಮೊಮ್ಮಕ್ಕಳು.

ಎರಡನೆಯದಾಗಿ ಅಲ್ಲಿ ಮಾರಾಟವಾಗುವುದು ಸಾಲ. ಯಂತ್ರದ ಮಳಿಗೆಯ ಪಕ್ಕದಲ್ಲೇ ಬ್ಯಾಂಕು, ಫೈನಾನ್ಸ್ ಕಂಪನಿಗಳ ಮಳಿಗೆಗಳಿರುತ್ತವೆ. ಯಂತ್ರ ಕೊಳ್ಳುವ ನಿರ್ಧಾರ ಆಗುವುದು ಬಹುತೇಕ ಈ ಎರಡನೇ ಮೇಜಿನ ಮುಂದೆ. "ಕೈಯಿಂದ ಇಷ್ಟು ಕಟ್ಟಿ ಸಾಕು, ಉಳಿದದ್ದು ಯಂತ್ರವೇ ದುಡಿದು ತೀರಿಸುತ್ತೆ" ಎಂಬ ಮಾತು ಅಲ್ಲಿ ಬರುತ್ತದೆ. ಯಂತ್ರ ದುಡಿದು ತೀರಿಸುತ್ತದೆಯೇ ಎಂಬುದನ್ನು ಮುಂದೆ ನೋಡೋಣ. ಅದಕ್ಕೆ ಮುಂಚೆ ಯಂತ್ರವನ್ನೇ ಸ್ವಲ್ಪ ನೋಡಬೇಕು.

ನಾವು ಜೆಸಿಬಿ ಎಂದು ಕರೆಯುವುದು ಒಂದು ಯಂತ್ರದ ಹೆಸರಲ್ಲ, ಕಂಪನಿಯ ಹೆಸರು. 1945ರಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ಶುರುಮಾಡಿದ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬವರ ಹೆಸರಿನ ಮೊದಲ ಅಕ್ಷರಗಳು ಅವು. ಮುಂದೆ ಅಗಲ ಬಕೆಟ್ಟು, ಹಿಂದೆ ಅಗೆಯುವ ಕೈ ಇರುವ, ಟೈರಿನ ಮೇಲೆ ಓಡುವ ಯಂತ್ರದ ಸರಿಯಾದ ಹೆಸರು ಬ್ಯಾಕ್‌ಹೋ ಲೋಡರ್. ಹಾಗೆಯೇ ಚೈನಿನ ಮೇಲೆ ನಡೆಯುವ ದೊಡ್ಡ ಅಗೆಯುವ ಯಂತ್ರ ಯಾವ ಕಂಪನಿಯದೇ ಆಗಿರಲಿ, ನಮ್ಮೂರಲ್ಲಿ ಅದು 'ಹಿಟಾಚಿ'. ಬ್ರಾಂಡಿನ ಹೆಸರೇ ವಸ್ತುವಿನ ಹೆಸರಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಿಮ್ಮ ಪಠ್ಯಪುಸ್ತಕದಲ್ಲೂ ಸಿಗಲಿಕ್ಕಿಲ್ಲ. ಕರ್ನಾಟಕಕ್ಕೂ ಈ ಉದ್ಯಮಕ್ಕೂ ಹಳೆಯ ನಂಟಿದೆ. 1964ರಲ್ಲಿ ಹುಟ್ಟಿದ ಭಾರತ್ ಅರ್ಥ್ ಮೂವರ್ಸ್, ಅಂದರೆ ಬಿಇಎಂಎಲ್, ಕೆಜಿಎಫ್‌ನಲ್ಲಿ ಡೋಜರ್, ಎಕ್ಸ್‌ಕವೇಟರ್ ತಯಾರಿಸುತ್ತದೆ. ಟಾಟಾ ಹಿಟಾಚಿಯ ಕಾರ್ಖಾನೆ ಧಾರವಾಡದಲ್ಲಿದೆ, ವೋಲ್ವೋದವರ ಘಟಕ ಪೀಣ್ಯದಲ್ಲಿದೆ.

ವಿಜ್ಞಾನ ವಿಭಾಗದವರು ಒಂದು ವಿಷಯ ಗಮನಿಸಬೇಕು. ಬ್ಯಾಕ್‌ಹೋ ಲೋಡರಿನ ಎಂಜಿನ್ ಬರೀ 70ರಿಂದ 80 ಅಶ್ವಶಕ್ತಿಯ ಆಸುಪಾಸಿನದು, ಒಂದು ಸಾಧಾರಣ ಕಾರಿನಷ್ಟು. ಆದರೆ ಅದರ ಕೈ ಬಂಡೆ ಮೀಟುತ್ತದೆ. ಇದು ಹೇಗೆ ಸಾಧ್ಯ ಎಂದು ಕೇಳಿದರೆ ಪ್ರಥಮ ಪಿಯುಸಿ ಭೌತಶಾಸ್ತ್ರದ ಪಾಸ್ಕಲ್ ನಿಯಮವೇ ಉತ್ತರ. ಮುಚ್ಚಿದ ದ್ರವದ ಒಂದು ಕಡೆ ಒತ್ತಡ ಕೊಟ್ಟರೆ ಅದು ಎಲ್ಲ ಕಡೆಗೂ ಒಂದೇ ಸಮನೆ ಹರಡುತ್ತದೆ. 10 ಸೆಂ.ಮೀ. ವ್ಯಾಸದ ಸಿಲಿಂಡರ್ ಇದೆ ಎಂದುಕೊಳ್ಳಿ. ಅದರ ಅಡ್ಡಕೊಯ್ತದ ವಿಸ್ತೀರ್ಣ 78.5 ಚದರ ಸೆಂ.ಮೀ. ಎಣ್ಣೆಯ ಒತ್ತಡ 200 ಬಾರ್ ಇದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 204 ಕಿಲೋ ಭಾರ ಬೀಳುತ್ತದೆ. ಎರಡನ್ನೂ ಗುಣಿಸಿ: ಸುಮಾರು 16,000 ಕಿಲೋ. ಅಂದರೆ ನಿಮ್ಮ ಅಂಗೈ ಅಗಲದ ಒಂದು ಪಿಸ್ಟನ್ನು 16 ಟನ್ ಭಾರವನ್ನು ತಳ್ಳಬಲ್ಲದು. ಇದಕ್ಕೆ ತೆರುವ ಬೆಲೆ ವೇಗ. ಪಿಸ್ಟನ್ನು ನಿಧಾನವಾಗಿ ಚಲಿಸುತ್ತದೆ. ಶಕ್ತಿ ಎಲ್ಲಿಂದಲೋ ಹೊಸದಾಗಿ ಹುಟ್ಟಿ ಬರುವುದಿಲ್ಲ.

ಈ ಎಣ್ಣೆಯೇ ಯಂತ್ರದ ರಕ್ತ. ಎಣ್ಣೆಗೆ ಮಣ್ಣು ಸೇರಿದರೆ ಪಂಪು, ವಾಲ್ವು, ಸೀಲು ಎಲ್ಲವೂ ಸವೆಯುತ್ತವೆ. ಹಾಗಾಗಿ ಮೇಳದಲ್ಲಿ ಎಂಜಿನ್ನಿನ ಅಶ್ವಶಕ್ತಿ ಕೇಳುವುದಕ್ಕಿಂತ "ಹೈಡ್ರಾಲಿಕ್ ಎಣ್ಣೆ, ಫಿಲ್ಟರ್ ಎಷ್ಟು ಗಂಟೆಗೊಮ್ಮೆ ಬದಲಾಯಿಸಬೇಕು, ಎಷ್ಟಾಗುತ್ತೆ, ಶಿರಾದಲ್ಲೋ ತುಮಕೂರಲ್ಲೋ ಸಿಗುತ್ತಾ?" ಎಂದು ಕೇಳುವುದು ಜಾಣತನ. ಬ್ರೋಷರಿನಲ್ಲಿ ಅಶ್ವಶಕ್ತಿ ದಪ್ಪ ಅಕ್ಷರದಲ್ಲಿರುತ್ತದೆ. ಈ ಮಾಹಿತಿ ಎಲ್ಲೋ ಹಿಂದಿನ ಪುಟದಲ್ಲಿರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ.

ಈಗ ವಾಣಿಜ್ಯ ವಿಭಾಗದವರ ಸರದಿ. ಪೆನ್ನು ತೆಗೆದುಕೊಳ್ಳಿ.

ಮದಲೂರಿನ ಒಂದು ಮನೆ ಎಂದುಕೊಳ್ಳೋಣ. ಅಣ್ಣತಮ್ಮಂದಿರು ಇಬ್ಬರು. ಮೇಳದಲ್ಲಿ ನೋಡಿದ ಬ್ಯಾಕ್‌ಹೋ ಲೋಡರಿನ ಬೆಲೆ 35 ಲಕ್ಷ ರೂಪಾಯಿ ಎಂದು ಇಟ್ಟುಕೊಳ್ಳಿ. ಕೈಯಿಂದ 5 ಲಕ್ಷ ಕಟ್ಟಿ, 30 ಲಕ್ಷ ಸಾಲ ತೆಗೆದಿದ್ದಾರೆ. ಬಡ್ಡಿ ವರ್ಷಕ್ಕೆ ಶೇ. 10, ಅವಧಿ 48 ತಿಂಗಳು. ಕಂತು ತಿಂಗಳಿಗೆ ಸುಮಾರು 76,000 ರೂ. ಬರುತ್ತದೆ. ಈ ಅಂಕಿಗಳೆಲ್ಲ ಉದಾಹರಣೆಗೆ ಮಾತ್ರ. ನಿಮ್ಮೂರಿನ ನಿಜವಾದ ದರ ಹಾಕಿ ನೀವೇ ಬದಲಾಯಿಸಿಕೊಳ್ಳಬೇಕು.

ಆಪರೇಟರ್ ಸಂಬಳ, ಬಾಟಾ ಸೇರಿ ತಿಂಗಳಿಗೆ 25,000. ವಿಮೆ, ತೆರಿಗೆ, ನಿಲ್ಲಿಸುವ ಜಾಗ ಎಂದು 5,000. ಇವು ಯಂತ್ರ ಓಡಿದರೂ ಓಡದಿದ್ದರೂ ಕೊಡಬೇಕಾದವು, ಅಂದರೆ ಸ್ಥಿರ ವೆಚ್ಚ. ಕಂತೂ ಸೇರಿದರೆ ಒಟ್ಟು 1,06,000 ರೂ. ಕಂತನ್ನು ವೆಚ್ಚ ಎನ್ನುವುದು ಲೆಕ್ಕಶಾಸ್ತ್ರದ ಪ್ರಕಾರ ಸರಿಯಲ್ಲ, ಬಡ್ಡಿಯಷ್ಟೇ ವೆಚ್ಚ, ಅಸಲು ಸಾಲದ ತೀರುವಳಿ ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಸರಿಯೇ. ಆದರೆ ತಿಂಗಳ ಐದನೇ ತಾರೀಕು ಬ್ಯಾಂಕಿನವರು ಆ ವ್ಯತ್ಯಾಸ ಕೇಳುವುದಿಲ್ಲ. ಹಾಗಾಗಿ ಇಲ್ಲಿ ನಗದಿನ ಲೆಕ್ಕವನ್ನೇ ಮಾಡೋಣ, ಸವಕಳಿಗೆ ಆಮೇಲೆ ಬರೋಣ.

ಯಂತ್ರ ಓಡಿದಾಗ ಮಾತ್ರ ಆಗುವ ಖರ್ಚು ಬೇರೆ. ಗಂಟೆಗೆ ಐದೂವರೆ ಲೀಟರ್ ಡೀಸೆಲ್, ಲೀಟರಿಗೆ 90 ರೂ. ಎಂದು ಹಿಡಿದರೆ 495 ರೂ. ಗ್ರೀಸು, ಎಣ್ಣೆ, ಟೈರು, ಬಕೆಟ್ಟಿನ ಹಲ್ಲು, ಹೋಸ್ ಪೈಪು ಎಂದು ಗಂಟೆಗೆ 100 ರೂ. ತೆಗೆದಿಡಿ. ಒಟ್ಟು 595. ಬಾಡಿಗೆ ಗಂಟೆಗೆ 1,100 ರೂ. ಅಂದರೆ ಒಂದು ಗಂಟೆ ಓಡಿದರೆ ಕೈಯಲ್ಲಿ ಉಳಿಯುವುದು 505 ರೂ. ಇದನ್ನೇ ಕಾಂಟ್ರಿಬ್ಯೂಷನ್ ಎನ್ನುತ್ತಾರೆ. 1,06,000ವನ್ನು 505ರಿಂದ ಭಾಗಿಸಿ: ಸುಮಾರು 210. ತಿಂಗಳಿಗೆ 210 ಗಂಟೆ ಓಡಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಬ್ರೇಕ್ ಈವನ್ ಬಿಂದು ಎಂದರೆ ಇದು. ತಿಂಗಳಿಗೆ 26 ದಿನ ಕೆಲಸ ಸಿಕ್ಕರೆ ದಿನಕ್ಕೆ 8 ಗಂಟೆ. ಮೀಟರ್ ಓಡುವ 8 ಗಂಟೆ, ಹೊಲದಿಂದ ಹೊಲಕ್ಕೆ ಹೋಗುವ ಸಮಯ ಬಿಟ್ಟು. ಇಷ್ಟಾದ ಮೇಲೂ ಅಣ್ಣತಮ್ಮಂದಿರಿಗೆ ಒಂದು ರೂಪಾಯಿ ಸಿಕ್ಕಿಲ್ಲ ಎಂಬುದು ನೆನಪಿರಲಿ.

ಕೆಲಸ ಬರೀ 150 ಗಂಟೆ ಸಿಕ್ಕಿತು ಎನ್ನಿ. ಕೈಗೆ ಬರುವುದು 75,750. ಕಡಿಮೆ ಬೀಳುವುದು 30,250. ಅದನ್ನು ಎಲ್ಲಿಂದ ತರುತ್ತಾರೆ? ಮನೆಯ ಒಡವೆಯಿಂದ, ಇಲ್ಲವೇ ಇನ್ನೊಂದು ಸಾಲದಿಂದ. ಮೂರು ತಿಂಗಳು ಕಂತು ನಿಂತರೆ ಯಂತ್ರವನ್ನು ಎಳೆದೊಯ್ಯಲು ಬರುತ್ತಾರೆ. ಆಗ ಕೈಯಿಂದ ಕಟ್ಟಿದ 5 ಲಕ್ಷವೂ ಹೋಯಿತು.

ಇನ್ನೊಂದು ಅಂಕಿ ನೋಡಿ, ಇದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಒಂದೇ ಮೇಳಕ್ಕೆ ಹೋಗಿ ಬಂದವರು ಪಕ್ಕದ ಊರಲ್ಲೂ ಇದ್ದಾರೆ. ಅವರೂ ಒಂದು ಯಂತ್ರ ತಂದರು. ಬಾಡಿಗೆ ಸ್ಪರ್ಧೆಯಲ್ಲಿ ಗಂಟೆಗೆ 1,000ಕ್ಕೆ ಇಳಿಯಿತು. ಬರೀ 100 ರೂಪಾಯಿ, ಶೇ. 9ರಷ್ಟು ಇಳಿಕೆ. ಆದರೆ ಉಳಿಯುವುದು 505ರಿಂದ 405ಕ್ಕೆ ಬಿತ್ತು, ಬ್ರೇಕ್ ಈವನ್ 210ರಿಂದ 262 ಗಂಟೆಗೆ ಹಾರಿತು. ದಿನಕ್ಕೆ 10 ಗಂಟೆ. ಬಾಡಿಗೆ ಸ್ವಲ್ಪ ಇಳಿದರೆ ದುಡಿಮೆ ಕಾಲುಭಾಗ ಹೆಚ್ಚಬೇಕು. ಯಂತ್ರ ಹೆಚ್ಚಾದಂತೆ ಕೆಲಸ ಹಂಚಿಹೋಗುವುದರಿಂದ ಗಂಟೆಗಳು ಹೆಚ್ಚುವುದಿಲ್ಲ, ಕಡಿಮೆಯಾಗುತ್ತವೆ. ಸ್ಥಿರ ವೆಚ್ಚ ಹೆಚ್ಚಿರುವ ವ್ಯಾಪಾರಗಳೆಲ್ಲದರ ಗುಣ ಇದು: ಕೊಳವೆಬಾವಿ ಲಾರಿ, ಖಾಸಗಿ ಬಸ್ಸು, ಮದುವೆ ಹಾಲ್, ಯಾವುದೇ ಇರಲಿ.

ಈ ಲೆಕ್ಕ ಗೊತ್ತಿರುವವರು ಮಳಿಗೆಯಲ್ಲಿ ಮಾತನಾಡುವ ರೀತಿಯೇ ಬೇರೆ.

"ಸಾರ್, ನಮ್ಮ ಹೊಸ ಮಾಡೆಲ್ಲು ಗಂಟೆಗೆ ಅರ್ಧ ಲೀಟರ್ ಉಳಿಸುತ್ತೆ."

"ಉಳಿಸಲಿ ಅಪ್ಪ, ಯಾವ ಕೆಲಸದಲ್ಲಿ? ಮಣ್ಣು ತುಂಬುವಾಗಲೋ, ಗಟ್ಟಿ ನೆಲ ಅಗೆಯುವಾಗಲೋ?"

"ಎಲ್ಲಾದರಲ್ಲೂ ಹತ್ತಿರತ್ತಿರ ಅಷ್ಟೇ ಸಾರ್."

"ಹಾಗಾದರೆ ಬರೆದು ಕೊಡಿ. ನಿಮ್ಮ ಈ ಮಾಡೆಲ್ ತಗೊಂಡು ಒಂದು ವರ್ಷ ಆದ ಶಿರಾ ಕಡೆ ಮಾಲೀಕರ ನಂಬರು ಕೊಡಿ, ನಾನೇ ಕೇಳ್ತೀನಿ."

ಅರ್ಧ ಲೀಟರ್ ನಿಜವಾಗಿ ಉಳಿದರೆ ಗಂಟೆಗೆ 45 ರೂ. ಉಳಿತಾಯ, ಕೈಗೆ ಉಳಿಯುವುದು 550, ಬ್ರೇಕ್ ಈವನ್ 193 ಗಂಟೆ. ತಿಂಗಳಿಗೆ 17 ಗಂಟೆ ಕಡಿಮೆ. ಅಂದರೆ ಇದು ಬಣ್ಣದ ಮಾತಲ್ಲ, ಎರಡು ದಿನದ ದುಡಿಮೆ. ಆದರೆ ಬ್ರೋಷರಿನಲ್ಲಿ 'ಶೇ. 10ರವರೆಗೆ ಉಳಿತಾಯ' ಎಂದಿದ್ದರೆ 'ವರೆಗೆ' ಎಂಬ ಪದದ ಕೆಳಗೆ ಗೆರೆ ಹಾಕಿ. ಪಕ್ಕದಲ್ಲಿ ನಕ್ಷತ್ರದ ಗುರುತಿದ್ದರೆ ಪುಟದ ಕೆಳಗಿನ ಸಣ್ಣ ಅಕ್ಷರ ಓದಿ.

ಇನ್ನು ಗಂಟೆಗಳು ಎಲ್ಲಿಂದ ಬರುತ್ತವೆ? ಇದಕ್ಕೆ ಮೇಳದಲ್ಲಿ ಉತ್ತರವಿಲ್ಲ, ನಮ್ಮ ನೆಲದಲ್ಲಿ ಹುಡುಕಬೇಕು. ಶಿರಾ ಸೀಮೆ ಮಳೆ ಕಡಿಮೆಯ ಸೀಮೆ. ಕೃಷಿಹೊಂಡ, ಬದು, ಕೆರೆ ಹೂಳು, ತೋಟದ ಚರಂಡಿ, ಮನೆ ಪಾಯ, ಪೈಪ್‌ಲೈನ್ ಇವೇ ನಮ್ಮ ಕಡೆಯ ಬಿಡಿ ಕೆಲಸಗಳು. ಶಿರಾ ಕೆರೆಯಿಂದ ಮದಲೂರು ಕೆರೆಗೆ ಹೇಮಾವತಿ ನೀರು ಹರಿಸುವ ಕಾಲುವೆಯ ಕಥೆ ನಿಮಗೆಲ್ಲ ಗೊತ್ತು. ವರ್ಷಗಟ್ಟಲೆ ಕಾದ ಮೇಲೆ 2020ರ ಕೊನೆಗೆ ಆ ಕಾಲುವೆಯಲ್ಲಿ ನೀರು ಬಂತು. ಭದ್ರಾ ಮೇಲ್ದಂಡೆ ಯೋಜನೆ ಇದೆ, ತುಮಕೂರು–ದಾವಣಗೆರೆ ರೈಲು ಮಾರ್ಗ ಶಿರಾ ಮೇಲೆ, ತುಮಕೂರು–ರಾಯದುರ್ಗ ಮಾರ್ಗ ಕೊರಟಗೆರೆ, ಮಧುಗಿರಿ, ಪಾವಗಡ ಕಡೆಯಿಂದ ಹೋಗುತ್ತದೆ. ಕೇಳಿದರೆ ಕೆಲಸಕ್ಕೇನು ಕೊರತೆ ಎನಿಸುತ್ತದೆ.

ಆದರೆ ದೊಡ್ಡ ಕಾಮಗಾರಿಗಳ ಸ್ವಭಾವ ಬೇರೆ. ದೊಡ್ಡ ಗುತ್ತಿಗೆದಾರರು ತಮ್ಮದೇ ಯಂತ್ರಗಳನ್ನು ತರುತ್ತಾರೆ, ಊರಿನ ಯಂತ್ರಕ್ಕೆ ಸಿಗುವುದು ಒಳಗುತ್ತಿಗೆ, ಬಿಲ್ಲು ಬರುವುದು ತಡ. ಕೆಲಸ ಮುಗಿದರೆ ಒಂದೇ ಸಲ ನಿಲ್ಲುತ್ತದೆ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಎದ್ದಾಗ ನೆಲ ಸಮ ಮಾಡುವ ಕೆಲಸ ಎಷ್ಟಿತ್ತೆಂದು ಆ ಕಡೆಯ ವಿದ್ಯಾರ್ಥಿಗಳು ಮನೆಯಲ್ಲಿ ಕೇಳಿ ನೋಡಿ. ಫಲಕ ನೆಟ್ಟು ಮುಗಿದ ಮೇಲೆ ಅಲ್ಲಿ ಅಗೆಯಲು ಏನಿದೆ? ಸಾಲದ ಕಂತು 48 ತಿಂಗಳದ್ದು, ಕಾಮಗಾರಿ 18 ತಿಂಗಳದ್ದು ಎಂದಾದರೆ ಉಳಿದ 30 ತಿಂಗಳಿಗೆ ಏನು ಕೆಲಸ ಎಂದು ಮೊದಲೇ ಬರೆದಿಟ್ಟುಕೊಳ್ಳಬೇಕು. ಮಳೆಗಾಲದ ಬಿಡುವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇನ್ನೊಂದು ವಿಷಯ: 2005ರ ನರೇಗಾ ಕಾಯ್ದೆ ಬಂದದ್ದೇ ಕೂಲಿ ಕೈಗಳಿಗೆ ಕೆಲಸ ಕೊಡಲು. ಅಂಥ ಕಾಮಗಾರಿಯನ್ನು ರಾತ್ರಿ ಯಂತ್ರದಲ್ಲಿ ಮಾಡಿ ಹಗಲು ಹಾಜರಿ ಬರೆಯುವ ಲೆಕ್ಕವನ್ನು ನಿಮ್ಮ ಗಂಟೆಗಳಲ್ಲಿ ಸೇರಿಸಬೇಡಿ. ಅದು ಬೇರೆಯವರ ಕೂಲಿ.

ಹಾಗಾದರೆ ಸಾಲವಿಲ್ಲದೆ ಪಾಲುದಾರಿಕೆಯಲ್ಲಿ ಕೊಂಡರೆ? ಬಡ್ಡಿಯ ವಿಷಯದಲ್ಲಿ ನಮ್ಮ ಹಲವು ಮನೆಗಳಿಗೆ ದುಡ್ಡಿನ ಪ್ರಶ್ನೆಯ ಜೊತೆ ಧರ್ಮದ ಪ್ರಶ್ನೆಯೂ ಇದೆ. ಅದನ್ನು ತಿಳಿದವರ ಹತ್ತಿರ ಕೇಳಿಕೊಳ್ಳಿ, ನಾನಿಲ್ಲಿ ಅಂಕಿಗಳನ್ನಷ್ಟೇ ನೋಡುತ್ತೇನೆ. ನಾಲ್ಕು ಜನ ತಲಾ 8.75 ಲಕ್ಷ ಹಾಕಿ ಯಂತ್ರ ತಂದರು. ಕಂತಿಲ್ಲ. ಸ್ಥಿರ ವೆಚ್ಚ 30,000 ಮಾತ್ರ, 60 ಗಂಟೆ ಓಡಿದರೆ ಅದು ತೀರುತ್ತದೆ. 150 ಗಂಟೆ ಸಿಕ್ಕ ತಿಂಗಳು 45,750 ಉಳಿಯುತ್ತದೆ. ಸಾಲದ ಮನೆ 30,000 ಕಡಿಮೆ ಬಿದ್ದು ಒದ್ದಾಡಿದ ಅದೇ 150 ಗಂಟೆ ಇದು. ಪಾಲುದಾರರು ನೆಮ್ಮದಿಯಿಂದ ನಿದ್ದೆ ಮಾಡುತ್ತಾರೆ.

ಆದರೆ 45,750ನ್ನು ಹಂಚಿಕೊಂಡು ತಿಂದರೆ ಅಲ್ಲೇ ತಪ್ಪಿದರು. ಸವಕಳಿ ಎಲ್ಲಿ? ಐದು ವರ್ಷದ ಮೇಲೆ ಯಂತ್ರ 15 ಲಕ್ಷಕ್ಕೆ ಹೋಗುತ್ತದೆ ಎಂದರೆ 20 ಲಕ್ಷ ಸವೆದಿದೆ, ತಿಂಗಳಿಗೆ 33,333 ರೂ. ಅದನ್ನು ತೆಗೆದಿಟ್ಟರೆ ಉಳಿಯುವುದು ಸುಮಾರು 12,400. ತಲೆಗೆ 3,100. ಪಾಲುದಾರಿಕೆ ಪತ್ರದಲ್ಲಿ ಲಾಭ ಹಂಚಿಕೆಗಿಂತ ಮೊದಲು ಈ ಸವಕಳಿ ನಿಧಿಯ ಸಾಲು ಇರಬೇಕು. ಊರುಗಳಲ್ಲಿ ಬಾಯಿ ಮಾತಿನ ಪಾಲುದಾರಿಕೆಗಳು ಮುರಿಯುವುದು ಯಂತ್ರ ದೊಡ್ಡ ರಿಪೇರಿಗೆ ಬಂದ ದಿನ.

ಆ ದಿನ ಯಾವಾಗ ಬರುತ್ತದೆ? ಹಲ್ಲಿನ ವಿಷಯಕ್ಕೆ ಬಂದೆವು. ಯಂತ್ರದ ವಯಸ್ಸನ್ನು ವರ್ಷದಲ್ಲಿ ಎಣಿಸುವುದಿಲ್ಲ, ಗಂಟೆಯಲ್ಲಿ ಎಣಿಸುತ್ತಾರೆ. ಡ್ರೈವರ್ ಎದುರಿಗಿರುವ ಅವರ್ ಮೀಟರ್ ಅದರ ಹಲ್ಲು. ತಿಂಗಳಿಗೆ 210 ಗಂಟೆಯಂತೆ 48 ತಿಂಗಳು ಓಡಿಸಿದರೆ 10,080 ಗಂಟೆ. ಸಾಲ ತೀರುವ ಹೊತ್ತಿಗೆ ಯಂತ್ರ ಬಾಯಿಗೂಡಿ ಎಷ್ಟೋ ದಿನವಾಗಿರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೀಟರನ್ನೊಂದೇ ನಂಬಬಾರದು, ಅದನ್ನು ಬದಲಾಯಿಸುವವರಿದ್ದಾರೆ. ಮೀಟರ್ 3,000 ಎನ್ನುತ್ತಿದ್ದು ಪೆಡಲಿನ ರಬ್ಬರು ನುಣ್ಣಗೆ ಸವೆದಿದ್ದರೆ ಅನುಮಾನಿಸಿ. ಬಕೆಟ್ ಎತ್ತಿಸಿ ಪಿನ್ನು, ಬುಶ್ಶುಗಳಲ್ಲಿ ಅಲುಗಾಟ ಎಷ್ಟಿದೆ ನೋಡಿ. ಸಿಲಿಂಡರಿನ ಹೊಳೆಯುವ ರಾಡಿನ ಮೇಲೆ ಗೀರು, ಎಣ್ಣೆಯ ಪಸೆ ಇದೆಯೇ ನೋಡಿ. ಬಕೆಟ್ಟನ್ನು ಮೇಲೆತ್ತಿ ನಿಲ್ಲಿಸಿ ಎಂಜಿನ್ ಆಫ್ ಮಾಡಿಸಿ, ತಾನಾಗಿ ಬೇಗ ಕೆಳಗಿಳಿಯುತ್ತಿದ್ದರೆ ಒಳಗೆ ಎಣ್ಣೆ ಸೋರುತ್ತಿದೆ ಎಂದೇ ಅರ್ಥ. ಆ ಪರೀಕ್ಷೆ ಮಾಡುವಾಗ ಬಕೆಟ್ಟಿನ ಕೆಳಗೆ ಯಾರೂ ನಿಲ್ಲಬಾರದು.

2025ರ ಜನವರಿ 1ರಿಂದ ಈ ಬಗೆಯ ಹೊಸ ಯಂತ್ರಗಳಿಗೆ ಐದನೇ ಹಂತದ ಹೊಗೆ ನಿಯಮ ಬಂದಿದೆ. ಹೊಗೆಯ ಕಣಗಳನ್ನು ಹಿಡಿಯುವ ಫಿಲ್ಟರು, ಸೆನ್ಸರು, ಕಂಪ್ಯೂಟರು ಎಲ್ಲವೂ ಎಂಜಿನ್ನಿಗೆ ಸೇರಿವೆ. ಗಾಳಿಗೆ ಒಳ್ಳೆಯದು, ಕೊಳ್ಳುವವನಿಗೆ ಬೆಲೆ ಹೆಚ್ಚು. ನಮ್ಮ ಊರುಗಳ ಗ್ಯಾರೇಜುಗಳಿಗೆ ಇದರಲ್ಲಿ ಕಷ್ಟವೂ ಇದೆ, ಅವಕಾಶವೂ ಇದೆ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಉಸ್ತಾದರಿಗೆ ಈಗ ಲ್ಯಾಪ್‌ಟಾಪ್ ಹಾಕಿ ದೋಷದ ಕೋಡ್ ಓದುವವನು ಬೇಕು. ಅಪ್ಪನೋ ಮಾಮನೋ ಗ್ಯಾರೇಜ್ ನಡೆಸುತ್ತಿದ್ದು, ಮಗ ಪಿಯುಸಿ ಓದುತ್ತಿರುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಹಾಗಾಗಿ ಮೇಳಕ್ಕೆ ಹೋದರೆ ದೊಡ್ಡ ಯಂತ್ರಗಳ ಅಂಗಳದಲ್ಲೇ ದಿನ ಕಳೆಯಬೇಡಿ ಎಂದು ನನ್ನ ಸಲಹೆ. ಒಳಗಿನ ಹಾಲ್‌ಗಳಿಗೆ ಹೋಗಿ. ಪಂಪು, ವಾಲ್ವು, ಸೀಲು, ಹೋಸು, ಬಕೆಟ್ಟಿನ ಹಲ್ಲು, ಬೇರಿಂಗು ಮಾಡುವ ಸಣ್ಣ ಕಂಪನಿಗಳ ಮಳಿಗೆಗಳಲ್ಲಿ ಗದ್ದಲ ಕಡಿಮೆ, ಅಲ್ಲಿ ನಿಂತವರು ಸಮಾಧಾನದಿಂದ ಉತ್ತರ ಕೊಡುತ್ತಾರೆ. 35 ಲಕ್ಷದ ಯಂತ್ರಕ್ಕೆ ಕೈ ಹಾಕಲಾಗದವರು ಹೋಸ್ ಪೈಪಿಗೆ ಫಿಟ್ಟಿಂಗ್ ಒತ್ತುವ ಸಣ್ಣ ಯಂತ್ರ ಇಟ್ಟುಕೊಂಡು, ತಾಲ್ಲೂಕಿನ ಜೆಸಿಬಿಗಳೆಲ್ಲ ತಮ್ಮ ಬಾಗಿಲಿಗೆ ಬರುವಂತೆ ಮಾಡಬಹುದು. ಹೋಸು ಒಡೆದರೆ ಯಂತ್ರ ಅಲ್ಲೇ ನಿಲ್ಲುತ್ತದೆ, ನಿಂತ ಪ್ರತಿ ಗಂಟೆಗೂ ಮಾಲೀಕನಿಗೆ 505 ರೂ. ಹೋಗುತ್ತದೆ. ಅದನ್ನು ಅರ್ಧ ಗಂಟೆಯಲ್ಲಿ ಸರಿಮಾಡುವವನಿಗೆ ಅವನು ಚೌಕಾಸಿ ಮಾಡುವುದಿಲ್ಲ.

ಇದೇ ಬಿಐಇಸಿಯಲ್ಲಿ ಜನವರಿ ತಿಂಗಳಲ್ಲಿ ಇಮ್‌ಟೆಕ್ಸ್ ಎಂಬ ಇನ್ನೊಂದು ಮೇಳ ನಡೆಯುತ್ತದೆ. ಅದು ಯಂತ್ರ ಮಾಡುವ ಯಂತ್ರಗಳದ್ದು: ಲೇತು, ಮಿಲ್ಲಿಂಗು, ಸಿಎನ್‌ಸಿ. ನಮ್ಮ ಜಿಲ್ಲೆಯ ವಸಂತನರಸಾಪುರದಲ್ಲಿ ಮೆಷಿನ್ ಟೂಲ್ ಪಾರ್ಕ್ ಇರುವುದರಿಂದ ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಕಡೆ ಯೋಚಿಸುವವರಿಗೆ ಅದು ಎಕ್ಸ್‌ಕಾನ್‌ಗಿಂತಲೂ ಉಪಯುಕ್ತ.

ಹೋಗುವ ದಾರಿ ಈಗ ಸುಲಭ. ಹಸಿರು ಮಾರ್ಗದ ಮೆಟ್ರೋ 2024ರ ನವೆಂಬರ್ 7ರಿಂದ ಮಾದಾವರದವರೆಗೆ ಓಡುತ್ತಿದೆ. ಶಿರಾ, ಮಧುಗಿರಿ ಬಸ್ಸಿನಲ್ಲಿ ಬರುವವರು ಅಷ್ಟು ದೂರ ಹೋಗಬೇಕಾಗಿಲ್ಲ, ನೆಲಮಂಗಲ ದಾಟಿ ಇಳಿದರಾಯಿತು. ಹೆಸರು ನೋಂದಣಿ ಮೊದಲೇ ಮಾಡಿ, ವಯಸ್ಸಿನ ನಿಯಮ ಓದಿಕೊಳ್ಳಿ. ಕೈಚೀಲ ತುಂಬ ಬ್ರೋಷರ್ ತರುವ ಬದಲು ಒಂದು ನೋಟ್‌ಬುಕ್ ಒಯ್ಯಿರಿ.

ಅಷ್ಟರಲ್ಲಿ ಮಾಡಬೇಕಾದ ಅಭ್ಯಾಸ ಇಲ್ಲಿದೆ. ಉತ್ತರಗಳನ್ನು ವಾಣಿಜ್ಯ ವಿಭಾಗದಲ್ಲಿ ತೋರಿಸಿ.

ಒಂದು: ಡೀಸೆಲ್ ಲೀಟರಿಗೆ 95 ರೂ. ಆಗಿ, ಬಾಡಿಗೆ 1,150ಕ್ಕೆ ಏರಿದರೆ, ಮೇಲಿನ ಸಾಲದ ಮನೆಯ ಬ್ರೇಕ್ ಈವನ್ ಎಷ್ಟು ಗಂಟೆ?

ಎರಡು: ಅಣ್ಣತಮ್ಮಂದಿರಲ್ಲಿ ಒಬ್ಬನೇ ಆಪರೇಟರ್ ಆದರೆ 25,000 ಸಂಬಳ ಉಳಿಯುತ್ತದೆ ಎಂದು ಮನೆಯವರು ಹೇಳುತ್ತಾರೆ. ಆಗ ಬ್ರೇಕ್ ಈವನ್ ಎಷ್ಟಕ್ಕೆ ಇಳಿಯುತ್ತದೆ? ಅವನು ಬೇರೆಯವರ ಯಂತ್ರ ಓಡಿಸಿ 25,000 ದುಡಿಯಬಹುದಿತ್ತು ಎಂಬುದನ್ನು ಈ ಲೆಕ್ಕದಲ್ಲಿ ಎಲ್ಲಿ ಇಡುತ್ತೀರಿ?

ಮೂರು: ನಿಮ್ಮೂರಿನ ಒಬ್ಬ ಜೆಸಿಬಿ ಮಾಲೀಕರನ್ನು ಭೇಟಿಯಾಗಿ, ಹೆಸರು ಬರೆಯದೆ, ಕಳೆದ ಹನ್ನೆರಡು ತಿಂಗಳಲ್ಲಿ ಪ್ರತಿ ತಿಂಗಳು ಎಷ್ಟು ಗಂಟೆ ಓಡಿತು ಎಂದು ಕೇಳಿ ಪಟ್ಟಿ ಮಾಡಿ. ಯಾವ ತಿಂಗಳು ಅತಿ ಕಡಿಮೆ, ಏಕೆ?